ಹಳೆಯ ಲಾರಿಗೆ ಯಾವ ಇಂಜಿನು?

1947ರಲ್ಲಿ ಅಮೆರಿಕೆಯ ಪೇಟೆಗೆ ಬಂದ ಮಾದರಿಯ ಷೆವರ್ಲೆ ಅರ್ಧ ಟನ್ನಿನ ಪಿಕಪ್ ಲಾರಿಗಳನ್ನು ಅಲ್ಲಿನ ಗೃಹಸ್ಥರು ಇಂದಿಗೂ ಆಸ್ಥೆಯಿಂದ ಜೀರ್ಣೋದ್ಧಾರ ಮಾಡುತ್ತಿರುವರು. ಕೈಯಲ್ಲಿನ ಹಣ ಕರಗುವುದು ಇಂಜಿನಿನ ಆಯ್ಕೆಯಲ್ಲಿಯೇ.

ಮೂಲದ 216 ಘನ ಅಂಗುಲದ ಆರು ಸಿಲಿಂಡರಿನ ಇಂಜಿನಿನಲ್ಲಿ ಕನೆಕ್ಟಿಂಗ್ ರಾಡುಗಳ ಬೇರಿಂಗಿಗೆ ಎಣ್ಣೆಯು ಒತ್ತಡದಿಂದ ಬಾರದು; ರಾಡಿನ ತುದಿಯ ಪುಟ್ಟ ಸೌಟು ಅದನ್ನು ಮೊಗೆದುಕೊಳ್ಳುವುದು. ಊರ ಸುತ್ತಣ ಸಂಚಾರಕ್ಕೆ ಇದು ಸಾಕು. ಹೆದ್ದಾರಿಯ ದೀರ್ಘ ಓಟಕ್ಕೆ ತಕ್ಕುದಲ್ಲ.

ತರುಣರು ವಿ-8 ಇಂಜಿನನ್ನೇ ಬಯಸುವರು. ಅದರ ಸದ್ದಿಗೆ ಮಾರುಹೋಗದವರಾರು! ಆದರೆ 1954ರವರೆಗಿನ ಈ ಲಾರಿಗಳಲ್ಲಿ ಹಿಂದಿನ ಚಕ್ರಗಳಿಗೆ ಶಕ್ತಿಯನ್ನೊಯ್ಯುವ ದಂಡವು ಮುಚ್ಚಿದ ಕೊಳವೆಯೊಳಗಿದೆ. ವಿ-8 ಕೂರಿಸಿದರೆ ಗೇರುಪೆಟ್ಟಿಗೆ, ದಂಡ, ಹಿಂದಿನ ಆಕ್ಸಲುಗಳನ್ನೂ ಸಾಮಾನ್ಯವಾಗಿ ಬದಲಿಸಬೇಕಾಗುವುದು. ಇಷ್ಟು ಖರ್ಚಾದ ಮೇಲೆ ಬ್ರೇಕನ್ನು ಮಾತ್ರ ಹಳೆಯದಾಗಿಯೇ ಬಿಡುವವರುಂಟು. ಮನೆಮಂದಿ ಕೂರುವ ವಾಹನದಲ್ಲಿ ಆ ಉಳಿತಾಯವನ್ನು ನಾವು ಒಪ್ಪೆವು.

ನಾವು ಹೇಳುವುದು 1954ರಿಂದೀಚಿನ 235 ಘನ ಅಂಗುಲದ ಇಂಜಿನು. ಅದರಲ್ಲಿ ರಾಡಿನ ಬೇರಿಂಗುಗಳಿಗೂ ಒತ್ತಡದಿಂದಲೇ ಎಣ್ಣೆ ಹರಿಯುವುದು. ಹಳೆಯ ಗೇರುಪೆಟ್ಟಿಗೆಯನ್ನೂ ಉಳಿಸಿಕೊಳ್ಳಬಹುದು. ಆದರೆ ಈಚಿನ ಇಂಜಿನುಗಳ ನೀರಿನ ಪಂಪು ಬೇರೆ ಬಗೆಯದು. ಫ್ಯಾನು ರೇಡಿಯೇಟರಿಗೆ ತಗಲದೆ ತಿರುಗುವುದೇ ಎಂಬುದನ್ನು ವಾಚಕರು ಬೋಲ್ಟು ಬಿಗಿಯುವ ಮೊದಲೇ ಅಳೆದು ನೋಡತಕ್ಕದ್ದು.