ಲ್ಯಾಬ್ ಕೆಲಸ ಹೊಲಸು ಕೆಲಸವಲ್ಲ

 

ಹೋದ ವಾರ ಮೇಷ್ಟ್ರು ತರಗತಿಯಲ್ಲಿ "ಮುಂದೆ ನೀವೆಲ್ಲ ಏನಾಗ್ತೀರಿ?" ಅಂತ ಕೇಳಿದರು. ಎಂಟು ಜನ ಡಾಕ್ಟರ್ ಅಂದರು. ಐದು ಜನ ಪೊಲೀಸ್ ಅಂದರು. ನಾನು "ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗ್ತೀನಿ" ಅಂದೆ. ಹಿಂದಿನ ಬೆಂಚಿನಿಂದ "ಥೂ, ಉಚ್ಚೆ, ಕಫ ನೋಡೋ ಕೆಲಸನಾ!" ಅಂತ ಯಾರೋ ಕೂಗಿದರು. ಎಲ್ಲರೂ ನಕ್ಕರು. ನನಗೆ ಆಗ ಉತ್ತರ ಹೇಳಲು ಬರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮಾವ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ರೇಷ್ಮೆ ಮಾಡ್ತಾರೆ. ಎರಡೂವರೆ ತಿಂಗಳು ಅವರಿಗೆ ಕೆಮ್ಮು ಇತ್ತು. ಮೆಡಿಕಲ್ ಅಂಗಡಿಯಿಂದ ಟಾನಿಕ್ ತಂದು ಕುಡಿದರು. ಒಬ್ಬರು ಧೂಳು ಅಂದರು, ಒಬ್ಬರು ದೃಷ್ಟಿ ಅಂದರು. ಅಜ್ಜಿ ಮೆಣಸಿನಕಾಯಿ ನಿವಾಳಿಸಿದರು. ಮೈ ಮಾತ್ರ ಇಳಿಯುತ್ತಲೇ ಹೋಯಿತು. ಕೊನೆಗೆ ಆಶಾ ಅಕ್ಕ ಬಂದು ಒಂದು ಚಿಕ್ಕ ಡಬ್ಬಿ ಕೊಟ್ಟು, ಕಫ ಪರೀಕ್ಷೆ ಮಾಡಿಸಿದರು. ಟಿ.ಬಿ. ಅಂತ ಗೊತ್ತಾಯಿತು. ಆರು ತಿಂಗಳು ತಪ್ಪದೆ ಮಾತ್ರೆ ತಗೊಂಡರು. ಈಗ ಚೆನ್ನಾಗಿದ್ದಾರೆ. ಆ ಪರೀಕ್ಷೆಗೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ.

ಇದರಲ್ಲಿ ಒಂದು ತಮಾಷೆ ಇದೆ. ಮಾವ ಹುಳ ತರುವಾಗ "ಮೊಟ್ಟೆ ಟೆಸ್ಟ್ ಆಗಿದೆಯಾ?" ಅಂತ ತಪ್ಪದೆ ಕೇಳ್ತಾರೆ. ಯಾಕಂದ್ರೆ ಗಂಟು ರೋಗ ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಬರುತ್ತೆ. ಅದಕ್ಕೇ ಮೊಟ್ಟೆ ತಯಾರಿಸುವ ಕೇಂದ್ರದಲ್ಲಿ ಮೊಟ್ಟೆ ಇಟ್ಟ ಚಿಟ್ಟೆಯನ್ನು ಅರೆದು ಮೈಕ್ರೋಸ್ಕೋಪಿನಲ್ಲಿ ನೋಡ್ತಾರೆ. ರೋಗ ಕಂಡರೆ ಆ ಮೊಟ್ಟೆಗಳನ್ನು ಸುಟ್ಟು ಬಿಡ್ತಾರೆ. ಈ ದಾರಿ ತೋರಿಸಿದವರು ಫ್ರಾನ್ಸಿನ ಲೂಯಿ ಪಾಶ್ಚರ್. 1865ರಿಂದ ಕೆಲವು ವರ್ಷ ಅವರು ರೇಷ್ಮೆ ಹುಳದ ರೋಗವನ್ನೇ ಅಭ್ಯಾಸ ಮಾಡಿದರು. ಹುಳದ ಪರೀಕ್ಷೆ ಕೇಳುವ ನಮ್ಮ ಮಾವ ತಮ್ಮ ಪರೀಕ್ಷೆ ಮಾತ್ರ ಎರಡೂವರೆ ತಿಂಗಳು ಮಾಡಿಸಲಿಲ್ಲ! ಹುಳಕ್ಕೆ ಇರುವ ಬೆಲೆ ಮನುಷ್ಯನಿಗೆ ಇಲ್ಲವೇ?

"ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು" ಎಂಬ ಗಾದೆ ಇದೆ. ನಮ್ಮ ಕೋಲಾರ ಜಿಲ್ಲೆಯ ಎಷ್ಟೋ ಬೋರ್‌ವೆಲ್ ನೀರು ನೋಡಲು ತಿಳಿಯಾಗಿರುತ್ತೆ. ಫ್ಲೋರೈಡ್ ಜಾಸ್ತಿ ಇದೆ ಅಂತ ಪರೀಕ್ಷೆ ಮಾಡಿದರೇ ಗೊತ್ತಾಗೋದು. ಹಲ್ಲು ಕಂದಾದ ಮೇಲೆ ಗೊತ್ತಾದರೆ ಏನು ಲಾಭ? ರೋಗವೂ ಹಾಗೆಯೇ.

ಟಿ.ಬಿ. ರೋಗಾಣುವನ್ನು ಜರ್ಮನಿಯ ರಾಬರ್ಟ್ ಕಾಕ್ ಕಂಡುಹಿಡಿದು 1882ರ ಮಾರ್ಚ್ 24ರಂದು ಲೋಕಕ್ಕೆ ತಿಳಿಸಿದರು. ಕಫವನ್ನು ಗಾಜಿನ ಮೇಲೆ ತೆಳ್ಳಗೆ ಹಚ್ಚಿ, ಕೆಂಪು ಬಣ್ಣ ಹಾಕಿ, ಆಸಿಡ್ಡಿನಲ್ಲಿ ತೊಳೀತಾರೆ. ಉಳಿದದ್ದೆಲ್ಲ ಬಣ್ಣ ಬಿಟ್ಟರೂ ಈ ರೋಗಾಣು ಬಿಡೋದಿಲ್ಲ. ಆಮೇಲೆ ನೀಲಿ ಬಣ್ಣ ಹಾಕಿದರೆ, ನೀಲಿಯ ನಡುವೆ ಕೆಂಪು ಕಡ್ಡಿಗಳ ಹಾಗೆ ಕಾಣುತ್ತೆ. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಹಳ್ಳಿಯವರಿಗೂ ಹತ್ತಿರದ ಆಸ್ಪತ್ರೆಯಲ್ಲೇ ಕಫ ಪರೀಕ್ಷೆ ಸಿಗಬೇಕು ಎಂಬ 1962ರ ಯೋಜನೆಗೆ ಅಲ್ಲಿಯ ಕೆಲಸವೇ ಆಧಾರ. ಈಗ ಟ್ರೂನ್ಯಾಟ್ ಎಂಬ ಯಂತ್ರವೂ ಬಂದಿದೆ.

ಯಂತ್ರ ಬಂದ ಮೇಲೆ ಮನುಷ್ಯ ಯಾಕೆ ಅಂತ ಕೇಳಬಹುದು. ಡಬ್ಬಿಯ ಮೇಲೆ ಹೆಸರು ಬರೆಯುವವರು ಯಾರು? ಒಬ್ಬರ ಚೀಟಿ ಇನ್ನೊಬ್ಬರ ಡಬ್ಬಿಗೆ ಅಂಟಿದರೆ ರೋಗ ಇಲ್ಲದವರಿಗೆ ಮಾತ್ರೆ, ರೋಗ ಇದ್ದವರಿಗೆ "ಏನೂ ಇಲ್ಲ, ಮನೆಗೆ ಹೋಗಿ" ಎಂಬ ಮಾತು! ಡಾಕ್ಟರು ಎಷ್ಟೇ ಬುದ್ಧಿವಂತರಾದರೂ ತಪ್ಪು ರಿಪೋರ್ಟ್ ಓದಿದರೆ ತಪ್ಪು ಔಷಧಿಯನ್ನೇ ಬರೀತಾರೆ. ಆದ್ದರಿಂದ ಈ ಕೆಲಸಕ್ಕೆ ಬುದ್ಧಿಯ ಜೊತೆ ಪ್ರಾಮಾಣಿಕತೆಯೂ ಬೇಕು.

"ರಕ್ತ, ಕಫ ಮುಟ್ಟೋದು ಮೈಲಿಗೆ, ನಮಗ್ಯಾಕೆ?" ಅಂತ ನಮ್ಮಜ್ಜಿಯೂ ಅಂತಾರೆ. ನಾನು ಹೇಳಿದೆ, "ಅಜ್ಜೀ, ನಿಮ್ಮ ಮಗನ ಕಫವನ್ನು ಯಾರೋ ಮುಟ್ಟಿದ್ದಕ್ಕೇ ಅವರು ಉಳಿದರು." ಅಜ್ಜಿ ಸುಮ್ಮನಾದರು. ಕೈಗೆ ಗ್ಲೌಸ್ ಹಾಕ್ತಾರೆ, ಕೆಲಸ ಮುಗಿದ ಮೇಲೆ ಸೋಪಿನಲ್ಲಿ ಕೈ ತೊಳೀತಾರೆ. ಹೊಲಸು ಇರೋದು ಕೆಲಸದಲ್ಲಿ ಅಲ್ಲ, ನಮ್ಮ ಯೋಚನೆಯಲ್ಲಿ.

ಡಾಕ್ಟರಿಗಿಂತ ಸಂಬಳ ಕಮ್ಮಿ ಅಂತ ಅಪ್ಪ ಅಂದರು. ಇರಬಹುದು. ಆದರೆ ಡಾಕ್ಟರ್ ಸೀಟು ನಮ್ಮಂಥ ಎಷ್ಟು ಜನಕ್ಕೆ ಸಿಗುತ್ತೆ? ಪಿಯುಸಿಯಲ್ಲಿ ವಿಜ್ಞಾನ ತಗೊಂಡು ಪಾಸಾದರೆ ಲ್ಯಾಬ್ ಡಿಪ್ಲೊಮಾ ಅಥವಾ ಬಿ.ಎಸ್ಸಿ. ಓದಬಹುದು. ಓದಿದವರಿಗೆ ಕೋಲಾರದ ಜಿಲ್ಲಾ ಆಸ್ಪತ್ರೆಯಲ್ಲಿ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ತಾಲ್ಲೂಕು ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ಜಾಗ ಇದೆ. ಊರು ಬಿಟ್ಟು ದೂರ ಹೋಗಬೇಕಿಲ್ಲ. 2021ರಲ್ಲಿ ಕೇಂದ್ರ ಸರ್ಕಾರ ಮಾಡಿದ ಆರೋಗ್ಯ ವೃತ್ತಿಗಳ ಕಾನೂನಿನಲ್ಲಿ ಲ್ಯಾಬ್ ಕೆಲಸದವರೂ ಸೇರಿದ್ದಾರೆ. ಕಾನೂನೇ ಗೌರವ ಕೊಟ್ಟ ಮೇಲೆ ನಾವು ನಗೋದು ಸರಿಯಾ?

ಕೊನೆಗೆ ಎರಡು ಮಾತು. ಗೆಳೆಯರೇ, ನಿಮ್ಮ ಮನೆಯಲ್ಲಿ ಯಾರಿಗಾದರೂ ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇದ್ದರೆ ಟಾನಿಕ್ ನಂಬಿ ಕೂರಬೇಡಿ, ಕಫ ಪರೀಕ್ಷೆ ಮಾಡಿಸಿ. ವಿಜ್ಞಾನದ ಮೇಷ್ಟ್ರೇ, ಬೀರುವಿನಲ್ಲಿರುವ ಮೈಕ್ರೋಸ್ಕೋಪನ್ನು ದಯವಿಟ್ಟು ತಿಂಗಳಿಗೊಮ್ಮೆಯಾದರೂ ಹೊರಗೆ ತೆಗೆಯಿರಿ. ಈರುಳ್ಳಿ ಸಿಪ್ಪೆಯನ್ನಾದರೂ ನಾವು ನೋಡುತ್ತೇವೆ. ಅಂದು ನಕ್ಕವರಿಗೇ ಮೊದಲು ತೋರಿಸಿ.

ಇದು ನನ್ನ ಅನಿಸಿಕೆ. ತಪ್ಪಿದ್ದರೆ ತಿದ್ದಿ.

— ಏಳನೇ ತರಗತಿಯ ಒಬ್ಬ ವಿದ್ಯಾರ್ಥಿನಿ