ವಿಡಿಯೋ ಪಾಠ ತಡವರಿಸಿದಾಗ

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರ ರಾಜ್ಯಕ್ಕೆ ಸೇರಿದ ಆದವಾನಿ, ಆಲೂರು ತಾಲ್ಲೂಕುಗಳಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಇಂದಿಗೂ ನಡೆಯುತ್ತಿವೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯವೂ ಸ್ಥಳೀಯ ಸಂಸ್ಥೆಗಳೂ ಪ್ರಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಆದರೆ ಸಂಜೆ ಮನೆಯ ಕಂಪ್ಯೂಟರಿನಲ್ಲಿ ಮಗು ತೆರೆದ ಕನ್ನಡದ ವಿಜ್ಞಾನ ಪಾಠ ಅರ್ಧಕ್ಕೆ ನಿಂತರೆ ಅದನ್ನು ಸರಿಪಡಿಸುವ ಹೊಣೆ ಪಾಲಕರದೇ.

ಇಂಥ ಸಂದರ್ಭದಲ್ಲಿ ಮೊದಲು ಕೇಳಿಬರುವ ಸಲಹೆ, ‘ಕಂಪ್ಯೂಟರ್ ಹಳೆಯದಾಯಿತು, ಹೊಸದನ್ನು ಕೊಳ್ಳಿ’ ಎಂಬುದು. ಆರೋಪಿಯ ಮಾತನ್ನು ಕೇಳದೆ ತೀರ್ಪು ಕೊಡುವುದು ನ್ಯಾಯದ ಕ್ರಮವಲ್ಲ. ಸಾವಿರಾರು ರೂಪಾಯಿ ವ್ಯಯಿಸುವ ಮುನ್ನ ಒಂದು ಸಣ್ಣ ವಿಚಾರಣೆ ನಡೆಸುವುದು ಲೇಸು.

ಮೊದಲು ದೋಷದ ಲಕ್ಷಣವನ್ನು ಗಮನಿಸಿರಿ. ಪರದೆಯ ನಡುವೆ ಚಕ್ರ ತಿರುಗುತ್ತ ಧ್ವನಿ, ಚಿತ್ರ ಎರಡೂ ನಿಂತರೆ ಇಂಟರ್‌ನೆಟ್ ಮೇಲೆ ಸಂಶಯಪಡಬೇಕು. ಧ್ವನಿ ಸರಾಗವಾಗಿ ಸಾಗುತ್ತ ಚಿತ್ರ ಮಾತ್ರ ಕುಂಟಿದರೆ ಕಂಪ್ಯೂಟರಿಗೆ ಚಿತ್ರವನ್ನು ಬಿಡಿಸಿ ತೋರಿಸುವ ಶಕ್ತಿ ಸಾಲುತ್ತಿಲ್ಲ. ಮೊದಲ ಹತ್ತು ನಿಮಿಷ ಚೆನ್ನಾಗಿದ್ದು ಬಳಿಕ ಕುಂಟತೊಡಗಿದರೆ ಒಳಗಿನ ಬಿಸಿ ಕಾರಣವಿರಬಹುದು. ಇದನ್ನು ದೃಢಪಡಿಸಿಕೊಳ್ಳಲು, ಕಂಪ್ಯೂಟರಿನಲ್ಲೇ ಉಳಿಸಿಟ್ಟಿರುವ ಒಂದು ಹೈ ಡೆಫಿನಿಷನ್ ವಿಡಿಯೋವನ್ನು ಇಂಟರ್‌ನೆಟ್ ಕಡಿದು ಓಡಿಸಿರಿ. ಅದು ಸರಾಗವಾಗಿ ಓಡಿದರೆ ಯಂತ್ರ ಬಹುಮಟ್ಟಿಗೆ ನಿರ್ದೋಷಿ.

ಇಂಟರ್‌ನೆಟ್ ದೋಷವಾದರೆ ಪರಿಹಾರ ಸುಲಭ. ಸೆಕೆಂಡಿಗೆ 5 ಮೆಗಾಬಿಟ್ ಬೇಡುವ 1080ಪಿ ವಿಡಿಯೋ ಒಂದು ಗಂಟೆಗೆ ಸುಮಾರು 2.25 ಜಿಬಿ ಡೇಟಾ ನುಂಗುತ್ತದೆ. ಯೂಟ್ಯೂಬಿನ ಗುಣಮಟ್ಟದ ಪಟ್ಟಿಯಲ್ಲಿ 720ಪಿ ಅಥವಾ 480ಪಿ ಆರಿಸಿದರೆ ಹೊರೆ ಇಳಿಯುತ್ತದೆ. ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ದೀಕ್ಷಾ ವೇದಿಕೆಯಲ್ಲಿ ಕನ್ನಡದ ಪಾಠಗಳೂ ಇವೆ. ಅದರ ಮೊಬೈಲ್ ಆ್ಯಪ್‌ನಲ್ಲಿ ಪಾಠಗಳನ್ನು ಮೊದಲೇ ಇಳಿಸಿಟ್ಟುಕೊಳ್ಳಬಹುದು.

ಯಂತ್ರದ ಮೇಲೆ ಸಂಶಯವಿದ್ದರೆ, ವಿಡಿಯೋ ಓಡುತ್ತಿರುವಾಗಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಸಿಪಿಯು ಶೇ. 100ರ ಸಮೀಪದಲ್ಲೇ ನಿಂತಿದ್ದರೆ ಕಾರಣ ಹೀಗಿರಬಹುದು. 1080ಪಿ ಚಿತ್ರವೊಂದರಲ್ಲಿ 20,73,600 ಚುಕ್ಕೆಗಳಿರುತ್ತವೆ. ಸೆಕೆಂಡಿಗೆ ಸಾಮಾನ್ಯವಾಗಿ 25 ಅಥವಾ 30 ಚಿತ್ರಗಳು. ಇವನ್ನು ಕುಗ್ಗಿಸಿ ಕಳುಹಿಸುವ ಕ್ರಮಕ್ಕೆ ಕೋಡೆಕ್ ಎಂದು ಹೆಸರು. 2003ರಲ್ಲಿ ಬಂದ ಎಚ್.264 ಕೋಡೆಕ್ಕನ್ನು ಬಿಡಿಸುವ ವ್ಯವಸ್ಥೆ ಅನೇಕ ಹಳೆಯ ಗ್ರಾಫಿಕ್ಸ್ ಚಿಪ್‌ಗಳಲ್ಲೂ ಇದೆ. 2013ರ ಎಚ್.265 ಮತ್ತು ವಿಪಿ9, 2018ರ ಎವಿ1 ಅವುಗಳಿಗೆ ಅಪರಿಚಿತ. ಆಗ ಇಡೀ ಭಾರ ಸಿಪಿಯು ಮೇಲೆ ಬೀಳುತ್ತದೆ. ಅದೇ ಪಾಠ ಎಚ್.264ರಲ್ಲಿ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿರಿ.

ಹೊಸದಾಗಿ ವಿಂಡೋಸ್ ಹಾಕಿಸಿದ ಕಂಪ್ಯೂಟರಿನಲ್ಲಿ ಇನ್ನೊಂದು ಸಂಗತಿಯನ್ನು ಪರೀಕ್ಷಿಸಬೇಕು. ಡಿವೈಸ್ ಮ್ಯಾನೇಜರಿನ ಡಿಸ್‌ಪ್ಲೇ ಅಡಾಪ್ಟರ್ಸ್ ವಿಭಾಗದಲ್ಲಿ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದಿದ್ದರೆ ಸರಿಯಾದ ಡ್ರೈವರ್ ಹಾಕಿಲ್ಲವೆಂದೇ ಅರ್ಥ. ತಯಾರಕರ ವೆಬ್‌ಸೈಟಿನಿಂದ ಡ್ರೈವರ್ ಹಾಕಿಸುವುದಕ್ಕೆ ಹಣ ಬೇಕಿಲ್ಲ. ಬ್ರೌಸರಿನಲ್ಲಿ ಗ್ರಾಫಿಕ್ಸ್ ಆಕ್ಸೆಲರೇಶನ್ ಚಾಲೂ ಇದೆಯೇ ಎಂಬುದನ್ನೂ ನೋಡಿರಿ. ಉಳಿಸಿಟ್ಟ ವಿಡಿಯೋಗಳಿಗೆ ಉಚಿತವಾದ ವಿಎಲ್‌ಸಿ ಪ್ಲೇಯರ್ ಸಾಕು. ಅದರಲ್ಲಿಯೂ ಇಂಥದೇ ಆಯ್ಕೆಯಿದೆ.

ಹತ್ತಿ ವ್ಯಾಪಾರಕ್ಕೆ ಹೆಸರಾದ ನಮ್ಮ ಊರಿನಲ್ಲಿ ಧೂಳಿಗೂ ಬೇಸಿಗೆಯ ತಾಪಕ್ಕೂ ಕೊರತೆಯಿಲ್ಲ. ಫ್ಯಾನಿನ ಸುತ್ತ ಧೂಳು ಕಟ್ಟಿದರೆ ಬಿಸಿ ಹೊರಹೋಗದು. ಬಿಸಿ ಮಿತಿ ಮೀರಿದಾಗ ಸಿಪಿಯು ತಾನಾಗಿ ವೇಗ ತಗ್ಗಿಸುತ್ತದೆ. ವಿದ್ಯುತ್ ಸಂಪರ್ಕ ತೆಗೆದು, ಮೃದುವಾದ ಬ್ರಷ್‌ನಿಂದ ಧೂಳನ್ನು ತೆಗೆಯಿರಿ. ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಡದೆ ಮೇಜಿನ ಮೇಲಿಡಿರಿ.

ಕೊನೆಯದಾಗಿ, ನಿಮ್ಮ ಪರದೆಯ ಅಳತೆಯನ್ನು ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ನೋಡಿರಿ. ಹಳೆಯ ಅನೇಕ ಲ್ಯಾಪ್‌ಟಾಪ್‌ಗಳ ಪರದೆ 1366×768 ಚುಕ್ಕೆಗಳದು. ಅದರಲ್ಲಿ 1080ಪಿ ಚಿತ್ರದ ಸರಿಸುಮಾರು ಅರ್ಧದಷ್ಟು ಚುಕ್ಕೆಗಳಿಗೆ ಮಾತ್ರ ಜಾಗವಿದೆ. ಅಂಥ ಪರದೆಗೆ 720ಪಿ ಸಾಕು. ಕಪ್ಪುಹಲಗೆಯ ಸೂತ್ರವನ್ನು ಮಗು ಓದಬಲ್ಲದೇ, ಶಿಕ್ಷಕರ ಮಾತು ತಡೆಯಿಲ್ಲದೆ ಕೇಳುತ್ತಿದೆಯೇ ಎಂಬವೇ ಇಲ್ಲಿ ನಿಜವಾದ ಪ್ರಶ್ನೆಗಳು.

ಇಷ್ಟಾದರೂ ಬಿಡಿಭಾಗವನ್ನೋ ಹೊಸ ಯಂತ್ರವನ್ನೋ ಕೊಳ್ಳಲೇಬೇಕಾಗಿ ಬಂದರೆ ಬಿಲ್ಲನ್ನೂ ವಾರಂಟಿ ಪತ್ರವನ್ನೂ ತಪ್ಪದೆ ಪಡೆಯಿರಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಆದರೆ ಆ ಕಾಗದಗಳು ಕೈಯಲ್ಲಿಲ್ಲದಿದ್ದರೆ ದೂರನ್ನು ಸಾಬೀತುಪಡಿಸುವುದು ಬಲು ಕಷ್ಟ.