ಬೃಹನ್ನಳೆಯ ನಾಟ್ಯ, ಕಂಕನ ಪಗಡೆ

ಮಳೆ ಹಿಂದೆಗೆದ ವರ್ಷ ದೇವಸ್ಥಾನದ ಪ್ರಾಂಗಣದಲ್ಲಿ ವಿರಾಟಪರ್ವವನ್ನು ಓದಿಸುವುದು ಹಳೆಯ ಮೈಸೂರು ಸೀಮೆಯ ವಾಡಿಕೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ನಾಡಿಗೆ ಈ ವಾಡಿಕೆಯ ಅಗತ್ಯ ಬಿದ್ದ ವರ್ಷಗಳು ಕಡಮೆಯೇನಲ್ಲ. ಕೆರೆ ಬತ್ತಿದರೆ ಹೊಂಬಾಳೆ ಸೊರಗುವುದನ್ನು ಅಲ್ಲಿನ ತೋಟಗಾರ ಬಲ್ಲ. ಕೇಳುವವರ ಕಣ್ಣು ಮೋಡದ ಕಡೆಗಿರುವುದು ಸಹಜ. ಆದರೆ ಆ ಪರ್ವದ ಆರಂಭವನ್ನು ಮನಸ್ಸಿಟ್ಟು ಕೇಳಿದವರಿಗೆ ಒಂದು ವಿಚಿತ್ರವಾದ ಸಮಾಲೋಚನೆ ಗೋಚರಿಸುತ್ತದೆ. ಐವರು ವೀರರು ಒಂದೆಡೆ ಕುಳಿತು, ಬರಲಿರುವ ಒಂದು ವರ್ಷದಲ್ಲಿ ಯಾರು ಯಾವ ವಿದ್ಯೆಯನ್ನು ಆಶ್ರಯಿಸಿ ಬದುಕಬೇಕೆಂದು ತೀರ್ಮಾನಿಸುತ್ತಾರೆ. ಆಯ್ಕೆ ತಪ್ಪಿ ಗುರುತು ಹತ್ತಿತೋ, ಮತ್ತೆ ಹನ್ನೆರಡು ವರ್ಷ ಕಾಡು!

ಇವರ ಆಯ್ಕೆಗಳಾದರೂ ಎಂತಹವು! ಪಗಡೆಯಲ್ಲಿ ರಾಜ್ಯವನ್ನೇ ಕಳೆದುಕೊಂಡ ಧರ್ಮರಾಯ, ಪಗಡೆಯಾಡಿಸುವ ಕಂಕನಾಗಿ ಹೊರಡುತ್ತಾನೆ. ಇದು ಹುಂಬತನವಲ್ಲ. ವನವಾಸದಲ್ಲಿ ಬೃಹದಶ್ವನೆಂಬ ಋಷಿ ಅವನಿಗೆ ನಳನ ಕಥೆಯನ್ನು ಹೇಳಿ, ಅಕ್ಷಹೃದಯವೆಂಬ ದಾಳದ ಮರ್ಮವನ್ನು ಉಪದೇಶಿಸಿದ್ದ. ಸೋತ ಜಾಗದಲ್ಲಿಯೇ ವಿದ್ಯೆಯನ್ನು ಗಳಿಸಿಕೊಂಡವನು ಧರ್ಮರಾಯ. ಅರ್ಜುನನದು ಇನ್ನೂ ಸ್ವಾರಸ್ಯ. ಇಂದ್ರನ ನಗರಿಗೆ ಅಸ್ತ್ರಗಳನ್ನು ತರಲು ಹೋದವನು ಚಿತ್ರಸೇನ ಗಂಧರ್ವನಲ್ಲಿ ನೃತ್ಯಗೀತಗಳನ್ನೂ ಕಲಿತು ಬಂದ. ಗಾಂಡೀವ ಹಿಡಿಯುವ ಕೈಗೆ ಅಭಿನಯವೇಕೆಂದು ಆಗ ಯಾರಾದರೂ ನಕ್ಕಿದ್ದರೆ ತಪ್ಪಾಗುತ್ತಿರಲಿಲ್ಲ. ಆ ಕಲಿಕೆಯೇ ಬೃಹನ್ನಳೆಗೆ ಅನ್ನವಾಯಿತು. ಭೀಮನು ಅಡಿಗೆಯ ಮನೆಯನ್ನು ಆರಿಸಿಕೊಂಡದ್ದಕ್ಕೆ ಗುರುವಿನ ಉಪದೇಶ ಬೇಕಾಗಿತ್ತೆಂದು ಯಾರೂ ಹೇಳಲಾರರು. ನಕುಲನಿಗೆ ಕುದುರೆ, ಸಹದೇವನಿಗೆ ಹಸು. ಇಬ್ಬರು ಒಂದೇ ವಿದ್ಯೆಗೆ ಕೈಯಿಕ್ಕಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಇದೇ ಸಮಾಲೋಚನೆ ಈಗ ಮೇಜಿನ ಸುತ್ತ ನಡೆಯುತ್ತಿದೆ. ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 1974ರಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ ಇದಕ್ಕೆ ಮೂಲ. ಇದರಲ್ಲಿ ಕಾಯಿಗಳನ್ನು ಮನೆಯಿಂದ ಮನೆಗೆ ನಡೆಸಿ ಹಣ್ಣು ಮಾಡುವುದಿಲ್ಲ. ಪ್ರತಿಯೊಬ್ಬ ಆಟಗಾರನೂ ಒಬ್ಬ ವೀರನನ್ನೋ, ಕಳ್ಳನನ್ನೋ, ಮಂತ್ರವಾದಿಯನ್ನೋ ಕಲ್ಪಿಸಿಕೊಂಡು ಅವನ ಪರವಾಗಿ ಮಾತನಾಡುತ್ತಾನೆ. ಮೂಡಲಪಾಯದಲ್ಲಿ ಭಾಗವತನಿರುವಂತೆ ಇಲ್ಲಿಯೂ ಒಬ್ಬ ಸೂತ್ರಧಾರ. ಗುಹೆ, ಕೋಟೆ, ರಾಕ್ಷಸ ಎಲ್ಲವನ್ನೂ ಬಣ್ಣಿಸುವವನು ಅವನು. ವ್ಯತ್ಯಾಸವಿಷ್ಟೆ: ಭಾಗವತನಿಗೆ ಪ್ರಸಂಗದ ಕೊನೆ ಗೊತ್ತು, ಈ ಸೂತ್ರಧಾರನಿಗೆ ಗೊತ್ತಿಲ್ಲ.

ದಸರಾ ರಜೆಗೆಂದು ಬೆಂಗಳೂರಿನಿಂದ ತಿಪಟೂರಿನ ಬಳಿಯ ತೋಟದ ಮನೆಗೆ ಬಂದ ನಾಲ್ವರು ಮೊಮ್ಮಕ್ಕಳನ್ನು ಊಹಿಸಿಕೊಳ್ಳಬಹುದು. ಜಗಲಿಯ ಮೇಲೆ ದಾಳ ಉರುಳುತ್ತದೆ. ತಾತ ಇಣಿಕಿ ನೋಡುತ್ತಾರೆ.

“ಏನ್ರಪ್ಪಾ ಇದು? ದಾಳಕ್ಕೆ ಇಪ್ಪತ್ತು ಮುಖವೇ? ಪಗಡೆಯೋ?”

“ಪಗಡೆಯಲ್ಲ ತಾತ, ಕಥೆ.”

“ಕಥೆಗೆ ದಾಳ ಏತಕ್ಕೋ?”

“ನಾವು ಅಂದುಕೊಂಡದ್ದೆಲ್ಲ ನಡೆದುಬಿಡಬಾರದಲ್ಲ, ಅದಕ್ಕೆ.”

ಇದಕ್ಕಿಂತ ಚೊಕ್ಕವಾಗಿ ಆಟದ ತತ್ತ್ವವನ್ನು ಹೇಳುವುದು ಕಷ್ಟ. ಗೋಡೆ ಹತ್ತಬೇಕು, ಕಾವಲುಗಾರನ ಕಣ್ಣು ತಪ್ಪಿಸಬೇಕು, ಸುಳ್ಳು ಹೇಳಿ ದಕ್ಕಿಸಿಕೊಳ್ಳಬೇಕು ಎಂದಾಗ ಆಟಗಾರ ಇಪ್ಪತ್ತು ಮುಖದ ದಾಳವನ್ನೆಸೆದು, ಬಿದ್ದ ಗರಕ್ಕೆ ತನ್ನ ವೀರನ ಸಹಜಶಕ್ತಿಯ ಅಂಕವನ್ನೂ, ಆ ಕೌಶಲದಲ್ಲಿ ಅವನಿಗೆ ತರಬೇತಿಯಿದ್ದರೆ ಅದರ ಅಂಕವನ್ನೂ ಕೂಡುತ್ತಾನೆ. ಮೊತ್ತವು ಸೂತ್ರಧಾರನು ಇಟ್ಟ ಗುರಿಯನ್ನು ಮುಟ್ಟಿದರೆ ಕಾರ್ಯಸಿದ್ಧಿ. ಇದರ ಮೇಲೆ ‘ಫೀಟ್’ ಎಂಬುದೊಂದುಂಟು. 2000ದಲ್ಲಿ ಬಂದ ಮೂರನೆಯ ಆವೃತ್ತಿಯಲ್ಲಿ ಇದು ಆಟಕ್ಕೆ ಪ್ರವೇಶಿಸಿತು. ವೀರನು ಬಲಿತಂತೆಲ್ಲ ಅವನಿಗೆ ದೊರೆಯುವ ವಿಶೇಷ ಸಿದ್ಧಿಯೆನ್ನಬಹುದು. ಬೃಹದಶ್ವನ ಉಪದೇಶ ಧರ್ಮರಾಯನಿಗೆ ದೊರೆತ ಫೀಟ್ ಎಂದರೆ ಆಟ ಬಲ್ಲವರು ಒಪ್ಪಿಯಾರು. ಸಿದ್ಧಿಗಳು ಬಹಳ, ಆರಿಸಿಕೊಳ್ಳಲು ಸಿಗುವ ಅವಕಾಶಗಳು ಕೆಲವೇ. ಕಷ್ಟವಿರುವುದು ಇಲ್ಲಿಯೇ.

2014ರ ಐದನೆಯ ಆವೃತ್ತಿಯ ಲೆಕ್ಕವನ್ನು ತೆಗೆದುಕೊಂಡರೆ ವಿಷಯ ಸ್ಪಷ್ಟವಾಗುತ್ತದೆ. ಮೊಮ್ಮಕ್ಕಳಲ್ಲಿ ಹಿರಿಯವನ ವೀರ ನಾಲ್ಕನೆಯ ಮೆಟ್ಟಲನ್ನು ಮುಟ್ಟಿದ್ದಾನೆ. ಚುರುಕುತನ 17, ಅದರಿಂದ ಬರುವ ಅಂಕ 3. ಸದ್ದಿಲ್ಲದೆ ನುಸುಳಬೇಕು, ಗುರಿ 15. ತರಬೇತಿಯಿಲ್ಲದಿದ್ದರೆ ದಾಳದಲ್ಲಿ 12 ಅಥವಾ ಮೇಲೆ ಬೀಳಬೇಕು. ಇಪ್ಪತ್ತರಲ್ಲಿ ಒಂಬತ್ತು ಮುಖಗಳು, ಎಂದರೆ ನೂರಕ್ಕೆ 45. ಈಗ ಅವನ ಮುಂದೆ ಎರಡು ದಾರಿ. ಚುರುಕುತನವನ್ನೇ ಎರಡು ಹೆಚ್ಚಿಸಿ 19 ಮಾಡಿಕೊಂಡರೆ ಅಂಕ 4 ಆಗಿ, ಭರವಸೆ ನೂರಕ್ಕೆ 50ಕ್ಕೆ ಏರುತ್ತದೆ. ಅದರ ಬದಲು, 2020ರಲ್ಲಿ ಸೇರಿಸಲಾದ ‘ಸ್ಕಿಲ್ ಎಕ್ಸ್‌ಪರ್ಟ್’ ಎಂಬ ಸಿದ್ಧಿಯನ್ನು ಹಿಡಿದರೆ ಚುರುಕುತನ ಒಂದು ಹೆಚ್ಚಿ 18 ಆಗುತ್ತದೆ. ಅದಕ್ಕೂ ಅಂಕ 4 ಎಂಬುದೇ ಇಲ್ಲಿನ ಗುಟ್ಟು. ಜೊತೆಗೆ ಒಂದು ಕೌಶಲದಲ್ಲಿ ತರಬೇತಿ, ಒಂದು ಕೌಶಲದಲ್ಲಿ ಆ ತರಬೇತಿಯ ಅಂಕದ ಇಮ್ಮಡಿ. ಎರಡನ್ನೂ ನುಸುಳುವುದಕ್ಕೇ ಕೊಟ್ಟರೆ ಒಟ್ಟು ಅಂಕ 8. ದಾಳದಲ್ಲಿ 7 ಬಿದ್ದರೆ ಸಾಕು. ನೂರಕ್ಕೆ 70!

ಚುರುಕುತನ 16 ಇದ್ದವನಿಗೆ ಈ ಉಪದೇಶ ಹಾಗೆಯೇ ಹೊಂದುವುದಿಲ್ಲ. ಒಂದು ಹೆಚ್ಚಿ 17 ಆದರೆ ಅಂಕ ಅಲುಗುವುದಿಲ್ಲ. ಎರಡು ಹೆಚ್ಚಿ 18 ಆದರೆ ಬಿಲ್ಲಿಗೂ ಮೈಗಾಪಿಗೂ ನುಸುಳುವುದಕ್ಕೂ ಒಟ್ಟಿಗೆ ಒಂದಂಕ ಏರುತ್ತದೆ. ಆದುದರಿಂದ ಸಿದ್ಧಿಯ ಹೆಸರು ಎಷ್ಟೇ ಮನಮೋಹಕವಾಗಿದ್ದರೂ ಮೊದಲು ನೋಡಬೇಕಾದದ್ದು ತನ್ನ ಅಂಕ ಬೆಸವೋ ಸಮವೋ ಎಂಬುದನ್ನು. ಸಂತೆಯ ಲೆಕ್ಕದಂತೆ ಇದು ನೀರಸವೆನಿಸಬಹುದು, ಆದರೆ ಮಾಡಲೇಬೇಕಾದದ್ದು.

ಇಮ್ಮಡಿಯ ಬೆಲೆ ಮೆಟ್ಟಲು ಏರಿದಂತೆ ಏರುತ್ತದೆ. ಆರಂಭದಲ್ಲಿ ತರಬೇತಿಗೆ 2 ಅಂಕ. ಹದಿನೇಳನೆಯ ಮೆಟ್ಟಲಿನಲ್ಲಿ 6, ಇಮ್ಮಡಿಯಾದರೆ 12. ಮೂರನೆಯ ಆವೃತ್ತಿಯ ‘ಸ್ಕಿಲ್ ಫೋಕಸ್’ ಹೀಗಿರಲಿಲ್ಲ. ಅದು ಒಂದು ಕೌಶಲಕ್ಕೆ 2 ಅಂಕವನ್ನು, 2003ರ ಪರಿಷ್ಕರಣದ ಮೇಲೆ 3 ಅಂಕವನ್ನು ಕೊಟ್ಟು ಸುಮ್ಮನಾಗುತ್ತಿತ್ತು. ನೆಟ್ಟ ಗಿಡ ನೆಟ್ಟಷ್ಟೇ ಎತ್ತರ ಉಳಿದಂತೆ.

ಒಂದನ್ನೇ ಆಳವಾಗಿ ಕಲಿಯಬೇಕೋ, ಹಲವನ್ನು ಅಷ್ಟಷ್ಟು ಕಲಿಯಬೇಕೋ? ‘ಸ್ಕಿಲ್ಡ್’ ಎಂಬ ಸಿದ್ಧಿ ಮೂರು ಹೊಸ ಕೌಶಲಗಳನ್ನು ಒಟ್ಟಿಗೆ ಕೊಡುತ್ತದೆ. 2024ರ ಪರಿಷ್ಕೃತ ಗ್ರಂಥದಲ್ಲಿ ಅದನ್ನು ಮೊದಲನೆಯ ಮೆಟ್ಟಲಿನಲ್ಲಿಯೇ ಪಡೆಯಬಹುದು. ಇದಕ್ಕೆ ಉತ್ತರವನ್ನು ತೆಂಗಿನ ತೋಟದಲ್ಲಿ ಹುಡುಕಿದರೂ ಸಿಕ್ಕೀತು. ಉಂಡೆ ಕೊಬ್ಬರಿಯಾಗುವ ಮೊದಲು ಕಾಯಿ ಎಷ್ಟು ಕೈಗಳನ್ನು ದಾಟುತ್ತದೆ! ಮರ ಹತ್ತಿ ಕೆಡಹುವವನು ಒಬ್ಬ. ಬಲಿತ ಕಾಯಿ ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಕುಳಿತು, ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟಮೇಲೆ, ಕಿವಿಯ ಬಳಿ ಅಲುಗಿಸಿ ಗಡಗಡ ಸದ್ದಿನಿಂದಲೇ ಹದವನ್ನು ಹೇಳುವವನು ಇನ್ನೊಬ್ಬ. ಮಟ್ಟೆ ಸುಲಿದು, ಉಂಡೆ ಒಡೆಯದಂತೆ ಚಿಪ್ಪು ಬಿಡಿಸುವ ಕೈ ಮತ್ತೊಂದು. ಆಳುಗಳು ತುಂಬಿರುವ ದೊಡ್ಡ ತೋಟದಲ್ಲಿ ಮರ ಹತ್ತುವವನು ಸದ್ದು ಕೇಳಬೇಕಾಗಿಲ್ಲ. ಗಂಡಹೆಂಡಿರಿಬ್ಬರೇ ಸಾಗಿಸುವ ಸಣ್ಣ ಹಿಡುವಳಿಯಲ್ಲಾದರೆ ಎಲ್ಲರೂ ಎಲ್ಲವನ್ನೂ ಬಲ್ಲವರಾಗಲೇಬೇಕು. ಮೇಜಿನ ಸುತ್ತಲೂ ಹಾಗೆಯೆ: ಐದಾರು ಮಂದಿ ಕುಳಿತಿದ್ದರೆ ಒಂದನ್ನು ಇಮ್ಮಡಿ ಮಾಡಿಕೊಳ್ಳುವುದು ಲೇಸು, ಇಬ್ಬರೋ ಮೂವರೋ ಆದರೆ ‘ಸ್ಕಿಲ್ಡ್’ ಹಿಡಿದವನ ಬೆಲೆ ಅರ್ಧರಾತ್ರಿಯ ಹೊತ್ತಿಗೆ ತಿಳಿಯುತ್ತದೆ.

ಲೆಕ್ಕ ಎಷ್ಟೇ ಸರಿಯಿದ್ದರೂ, ಪ್ರಸಂಗ ಒದಗದ ಕೌಶಲ ಕಾಗದದ ಮೇಲೆಯೇ ಉಳಿಯುತ್ತದೆ. ಮರುಭೂಮಿಯ ಕಥೆಯಲ್ಲಿ ದೋಣಿ ನಡೆಸಬಲ್ಲವನ ಅವಸ್ಥೆಯನ್ನು ನೆನೆಯಬಹುದು. ಸಂಜೆಯಿಡೀ ಉಳಿದವರು ಆಡುತ್ತಾರೆ, ಅವನು ಹುರಿಗಡಲೆ ತಿನ್ನುತ್ತಾನೆ. ‘ನಿಮ್ಮ ಕಥೆ ಎತ್ತ ಸಾಗುತ್ತದೆ?’ ಎಂದು ಸೂತ್ರಧಾರನನ್ನು ಮುಂಚಿತವಾಗಿ ಕೇಳುವುದರಲ್ಲಿ ಅವಮಾನವೇನೂ ಇಲ್ಲ. ಪಾಂಡವರೂ ವಿರಾಟನ ಅರಮನೆಯಲ್ಲಿ ಯಾವ ಕೆಲಸ ಸಿಕ್ಕೀತೆಂದು ಎಣಿಸಿಯೇ ಹೊರಟವರು.

ನಾಲ್ವರಲ್ಲಿ ಕಿರಿಯವನೊಬ್ಬನಿದ್ದಾನೆ, ಹನ್ನೆರಡು ವರ್ಷ, ಮಾತು ಕಡಮೆ, ತರಗತಿಯಲ್ಲಿ ಎದ್ದು ನಿಂತರೆ ನಾಲಗೆ ಒಣಗುತ್ತದೆ. ಅವನು ಆರಿಸಿಕೊಂಡದ್ದು ‘ಆಕ್ಟರ್’ ಎಂಬ ಸಿದ್ಧಿಯನ್ನು. ಬೇರೊಬ್ಬನ ವೇಷದಲ್ಲಿ ವಂಚಿಸುವಾಗ ದಾಳವನ್ನು ಎರಡು ಸಲ ಎಸೆದು ಒಳ್ಳೆಯದನ್ನು ಉಳಿಸಿಕೊಳ್ಳುವ ಹಕ್ಕು ಅದರದು. ಕೇಳಿದ ದನಿಯನ್ನು ಅನುಕರಿಸುವ ಶಕ್ತಿಯೂ ಉಂಟು. ನೂರಕ್ಕೆ 50 ಇದ್ದ ಭರವಸೆ 75 ಆಗುತ್ತದೆ. “ನಿನಗೇಕೋ ಅದು? ಕತ್ತಿಯ ಸಿದ್ಧಿ ತಗೋ” ಎಂದು ಅಣ್ಣ ಗದರುತ್ತಾನೆ. ಲೆಕ್ಕದಲ್ಲಿ ಅಣ್ಣ ಹೇಳುವುದು ಸರಿಯಿರಬಹುದು. ಆದರೆ ಜಾಣ ಸೂತ್ರಧಾರನು ಇಲ್ಲಿ ಸ್ವಲ್ಪ ತಡೆಯಬೇಕು. ಹುಡುಗನು ತಡವರಿಸಿ ಎರಡೇ ಮಾತು ಹೇಳಿದರೂ ದಾಳಕ್ಕೆ ಅದರ ಹಂಗಿಲ್ಲ. ಗರ ಬಿತ್ತೆಂದರೆ ಕಾವಲುಗಾರ ನಂಬಲೇಬೇಕು. ಮುಂದಿನ ಸಲ ಅವನೇ ನಾಲ್ಕು ಮಾತು ಹೇಳಿಯಾನು. “ಸರಿಯಾಗಿ ಅಭಿನಯಿಸದಿದ್ದರೆ ದಾಳ ಕೊಡೆ” ಎನ್ನುವ ಸೂತ್ರಧಾರರೂ ಇದ್ದಾರೆ. ಅಂಥವರು ಕತ್ತಿಯ ಆಟಗಾರನಿಗೆ ಜಗಲಿಯಿಂದಿಳಿದು ಗರಡಿಯಲ್ಲಿ ಸಾಮು ಮಾಡಿ ತೋರಿಸೆಂದು ಹೇಳುವುದಿಲ್ಲ. ನಾಲಗೆಯ ಕೌಶಲಕ್ಕೆ ಮಾತ್ರ ಈ ಸುಂಕವೇಕೋ!

ಕಂಕನಿಗೆ ಒದಗಿದ ಪಾಡೂ ಇಲ್ಲಿ ನೆನಪಾಗುತ್ತದೆ. ಉತ್ತರನು ಕೌರವರನ್ನು ಗೆದ್ದನೆಂದು ಹಿಗ್ಗಿದ ವಿರಾಟ ಪಗಡೆಗೆ ಕರೆದಾಗ, ಬೃಹನ್ನಳೆ ಸಾರಥಿಯಾಗಿದ್ದ ಮೇಲೆ ಗೆಲುವಿನಲ್ಲಿ ಅಚ್ಚರಿಯೇನೆಂದು ಕಂಕನು ಮತ್ತೆ ಮತ್ತೆ ಹೇಳಿ, ದೊರೆಯ ಸಿಟ್ಟಿಗೆ ಗುರಿಯಾಗುತ್ತಾನೆ. ದಾಳ ಮುಖಕ್ಕೆ ಬಡಿಯುತ್ತದೆ, ಮೂಗಿನಿಂದ ರಕ್ತ ಒಸರುತ್ತದೆ. ಅಕ್ಷಹೃದಯವನ್ನು ಪೂರ್ತಿ ಬಲ್ಲವನಿಗೆ ಆ ಗಳಿಗೆಯಲ್ಲಿ ಬೇಕಾಗಿದ್ದುದು ರಾಜನ ಮುಖ ನೋಡಿ ಮಾತು ನಿಲ್ಲಿಸುವ ಬೇರೊಂದು ಕೌಶಲ. ಅದು ಅವನ ಬಳಿ ಇರಲಿಲ್ಲ. ಸೈರಂಧ್ರಿಯ ಬಳಿ ಇತ್ತು. ರಕ್ತ ನೆಲಕ್ಕೆ ಬೀಳುವ ಮೊದಲೇ ಅವಳು ಚಿನ್ನದ ಪಾತ್ರೆಯನ್ನು ಹಿಡಿದಿದ್ದಳು.